ನಿದ್ದೆ ಕೆಟ್ಟು ಮನಸ್ಸು ಕೆಡುವುದೋ, ಮನಸ್ಸು ಕೆಟ್ಟು ನಿದ್ದೆ ಕೆಡುವುದೋ?

ಪ್ರಶ್ನೆ: ಮೂರು ತಿಂಗಳಿನಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಹೊರಳಾಡಿ ಹೊರಳಾಡಿ ಹೇಗೋ ಕಣ್ಣು ಹತ್ತಿದರೂ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಈಚೆಗೆ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಇಲ್ಲವೇ ಅಳು ಬರುತ್ತದೆ. ಯಾವುದರಲ್ಲೂ ಆಸಕ್ತಿ ಉಳಿದಿಲ್ಲ. ಮನಸ್ಸು ಸರಿಹೋದರೆ ನಿದ್ದೆ ತಾನಾಗಿಯೇ ಬರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಖಿನ್ನತೆಯಿಂದ ಬಳಲುವವರಲ್ಲಿ ಹೆಚ್ಚಿನವರಿಗೆ ನಿದ್ದೆ ಕೆಡುತ್ತದೆ, ಅದರಲ್ಲೂ ನಸುಕಿಗೆ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ವೈದ್ಯರು ಬಹುಕಾಲದಿಂದ ಗುರುತಿಸಿರುವ ಲಕ್ಷಣ. ಆದರೆ ನಿದ್ದೆ ಮೊದಲು ಕೆಟ್ಟು, ಖಿನ್ನತೆ ಅದನ್ನು ಹಿಂಬಾಲಿಸಿ ಬರುವುದೂ ಅಷ್ಟೇ ನಿಜ. ಖಿನ್ನತೆ ಇಲ್ಲದವರನ್ನು ದೀರ್ಘಕಾಲ ಗಮನಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚೆನ್ನಾಗಿ ನಿದ್ದೆ ಮಾಡುವವರಿಗಿಂತ ನಿದ್ರಾಹೀನತೆ ಇದ್ದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಆದ್ದರಿಂದ ಮನಸ್ಸು ಸರಿಹೋಗಲಿ ಎಂದು ಕಾಯುತ್ತ ನಿದ್ದೆಯನ್ನು ಅದರ ಪಾಡಿಗೆ ಬಿಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿದ್ದೆಗೆಟ್ಟ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು 2007ರಲ್ಲಿ ಅಮೆರಿಕದಲ್ಲಿ ನಿದ್ದೆಯ ಸಂಶೋಧಕ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಕಣ್ಣಿಗೆ ಕಟ್ಟುವಂತೆ ತೋರಿಸಿತು. 26 ಮಂದಿ ಆರೋಗ್ಯವಂತ ಯುವಜನರಲ್ಲಿ ಕೆಲವರನ್ನು ಸುಮಾರು 35 ಗಂಟೆ ಎಚ್ಚರವಾಗಿರಿಸಿ, ಉಳಿದವರಿಗೆ ಎಂದಿನಂತೆ ಮಲಗಲು ಬಿಟ್ಟು, ಬಳಿಕ ಎಲ್ಲರನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೂರು ಚಿತ್ರಗಳನ್ನು ತೋರಿಸಲಾಯಿತು. ಮೊದಲಿಗೆ ಯಾವ ಭಾವನೆಯನ್ನೂ ಕೆರಳಿಸದ ಸಾಧಾರಣ ಚಿತ್ರಗಳು, ಬರಬರುತ್ತ ನೋಡಲು ಕಷ್ಟವಾಗುವಂಥವು. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಭಯ, ಸಿಟ್ಟು, ಅಪಾಯದ ಸುಳಿವುಗಳಿಗೆ ಮೊದಲು ಎಚ್ಚೆತ್ತುಕೊಳ್ಳುವುದು ಅದೇ. ನಿದ್ದೆಗೆಟ್ಟವರಲ್ಲಿ ಈ ಅಮಿಗ್ಡಲಾದ ಪ್ರತಿಕ್ರಿಯೆ ಉಳಿದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚಾಗಿತ್ತು. ಅಷ್ಟೇ ಅಲ್ಲ, ಹಣೆಯ ಹಿಂಭಾಗದಲ್ಲಿದ್ದು ಭಾವನೆಗಳಿಗೆ ಕಡಿವಾಣ ಹಾಕುವ ಪ್ರಿಫ್ರಂಟಲ್ ಕಾರ್ಟೆಕ್ಸಿಗೂ ಅಮಿಗ್ಡಲಾಕ್ಕೂ ಇರಬೇಕಾದ ಸಂಪರ್ಕ ಸಡಿಲಗೊಂಡಿತ್ತು.

ಇದು ಅನುಭವದಲ್ಲಿ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ತಂದೆಯವರು ಆಸ್ಪತ್ರೆಯಲ್ಲಿದ್ದಾಗ ಸತತ ಮೂರು ರಾತ್ರಿ ಅವರ ಮಂಚದ ಪಕ್ಕ ಕುಳಿತು ಮನೆಗೆ ಬಂದ ಬೆಳಿಗ್ಗೆ, ನನಗಾಗಿ ಕಾಫಿ ತರುತ್ತಿದ್ದ ತಂಗಿಯ ಕೈಯಿಂದ ಸ್ಟೀಲ್ ಲೋಟ ಜಾರಿ ಬಿತ್ತು. ಆ ಸದ್ದಿಗೆ ಎದೆ ಧಸಕ್ಕೆಂದು, ಅವಳ ಮೇಲೆ ಎಂದೂ ಆಡದ ಮಾತುಗಳನ್ನು ಆಡಿಬಿಟ್ಟೆ. ಆಡುತ್ತಿರುವಾಗಲೇ ತಪ್ಪೆಂದು ತಿಳಿಯುತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ. ನಿಮಗೆ ಬರುವ ಸಿಟ್ಟು, ಅಳುವನ್ನು ನಿಮ್ಮ ಸ್ವಭಾವದ ದೋಷವೆಂದು ದಯವಿಟ್ಟು ತಿಳಿಯಬೇಡಿ.

ಇರುಳಿನ ಕೊನೆಯ ಭಾಗದಲ್ಲಿ ಕನಸಿನ ನಿದ್ದೆ, ಅಂದರೆ ರೆಮ್ ನಿದ್ದೆ, ಹೆಚ್ಚಾಗಿರುತ್ತದೆ. ಆ ಹೊತ್ತಿನಲ್ಲಿ ಮಿದುಳಿನಲ್ಲಿ ನಾರ್‌ಅಡ್ರಿನಾಲಿನ್ ಎಂಬ ಉದ್ವೇಗದ ರಾಸಾಯನಿಕ ಬಹಳ ಕೆಳಮಟ್ಟಕ್ಕೆ ಇಳಿಯುವುದರಿಂದ, ಹಗಲಿನ ಕಹಿ ನೆನಪುಗಳು ತಮ್ಮ ತೀವ್ರತೆಯನ್ನು ಕಳೆದುಕೊಳ್ಳಲು ಅದು ನೆರವಾಗುತ್ತದೆ ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ಆದರೆ ಕನಸಿನ ನಿದ್ದೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಖಿನ್ನತೆ ಇರುವ ಅನೇಕರಲ್ಲಿ ನಿದ್ದೆ ಹತ್ತಿದ ಮೇಲೆ ಅದು ವಾಡಿಕೆಯ ತೊಂಬತ್ತು ನಿಮಿಷಕ್ಕಿಂತ ಬೇಗನೆ ಶುರುವಾಗಿಬಿಡುತ್ತದೆ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ತೀವ್ರ ಖಿನ್ನತೆ ಇರುವವರನ್ನು ಆಸ್ಪತ್ರೆಯಲ್ಲಿ ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿದರೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮರುದಿನ ಮನಸ್ಸು ಹಗುರಾಗುತ್ತದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಆದರೆ ಮತ್ತೆ ಮಲಗಿ ಎದ್ದರೆ ಬಹುಪಾಲು ಜನರಲ್ಲಿ ಹಳೆಯ ಭಾರ ಮರಳುತ್ತದೆ, ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಉನ್ಮಾದ ಕೆರಳುವ ಅಪಾಯವೂ ಇದೆ. ಹಾಗಾಗಿ ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ನಿದ್ದೆಗೂ ಮನಸ್ಸಿಗೂ ಇರುವ ನಂಟು ಎಷ್ಟು ಆಳವಾದದ್ದು, ಎಷ್ಟು ತೊಡಕಿನದು ಎಂಬುದಕ್ಕೆ ಇದನ್ನು ಹೇಳಿದೆ.

ನಿಮ್ಮ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಸಿಕ್ಕಿದ್ದು ಲಾಸ್ ಏಂಜಲಿಸ್‌ನಲ್ಲಿ. ನಿದ್ರಾಹೀನತೆ ಇದ್ದು ಖಿನ್ನತೆ ಇಲ್ಲದ, 60 ದಾಟಿದ 291 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಿಬಿಟಿ-ಐ ಎಂಬ ಮಾತ್ರೆಯಿಲ್ಲದ ನಿದ್ದೆಯ ಚಿಕಿತ್ಸೆಯನ್ನೂ ಇನ್ನೊಂದು ಗುಂಪಿಗೆ ನಿದ್ದೆಯ ಬಗೆಗಿನ ತಿಳಿವಳಿಕೆಯನ್ನೂ ಎರಡು ತಿಂಗಳ ಕಾಲ ನೀಡಲಾಯಿತು. ಮೂರು ವರ್ಷಗಳ ಅವಧಿಯಲ್ಲಿ ತಿಳಿವಳಿಕೆ ಪಡೆದವರಲ್ಲಿ ಶೇ 25.9ರಷ್ಟು ಮಂದಿಗೆ ಖಿನ್ನತೆ ಬಂದರೆ, ಚಿಕಿತ್ಸೆ ಪಡೆದವರಲ್ಲಿ ಅದು ಶೇ 12.2ಕ್ಕೆ ನಿಂತಿತು. ನಿದ್ದೆಯನ್ನು ಸರಿಪಡಿಸಿದ್ದರಿಂದಲೇ ಖಿನ್ನತೆ ಅರ್ಧಕ್ಕಿಳಿಯಿತು.

ಆ ಚಿಕಿತ್ಸೆಯ ತಿರುಳು ಕೇಳಲು ಸುಲಭ, ಪಾಲಿಸಲು ಕಷ್ಟ. ಎಷ್ಟೇ ಹೊತ್ತಿಗೆ ಮಲಗಿದರೂ ದಿನವೂ ಒಂದೇ ಸಮಯಕ್ಕೆ ಏಳಬೇಕು. ನಿದ್ದೆ ಬಾರದೆ ಇಪ್ಪತ್ತು ನಿಮಿಷ ಕಳೆಯಿತೆನಿಸಿದರೆ ಹಾಸಿಗೆ ಬಿಟ್ಟೆದ್ದು ಮಂದ ಬೆಳಕಿನಲ್ಲಿ ಕುಳಿತು, ಜೊಂಪು ಹತ್ತಿದಾಗ ಮಾತ್ರ ಮರಳಬೇಕು. ಹಾಸಿಗೆಯಲ್ಲಿ ಮೊಬೈಲು, ಲೆಕ್ಕಪತ್ರ, ಚಿಂತೆ ಇವುಗಳಿಗೆ ಜಾಗವಿರಬಾರದು. ಮಲಗುವ ಅವಧಿಯನ್ನೇ ಮೊಟಕುಗೊಳಿಸುವ ಹಂತವೂ ಇದರಲ್ಲಿದೆ, ಅದನ್ನು ತಜ್ಞರ ಮಾರ್ಗದರ್ಶನದಲ್ಲೇ ಮಾಡಬೇಕು.

ಆದರೆ ನೀವು ಆಸಕ್ತಿಯೇ ಉಳಿದಿಲ್ಲ ಎಂದೂ ಬರೆದಿದ್ದೀರಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕು ಬೇಡವೆಂಬ ಯೋಚನೆ ಸುಳಿದರೆ ಆ ಗಳಿಗೆಯಲ್ಲೇ ಮನೆಯವರಿಗೆ ತಿಳಿಸಿ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಭೇಟಿಯನ್ನು ಮುಂದೂಡದೆ, ಇಂದಿನಿಂದಲೇ ಒಂದು ಪುಸ್ತಕದಲ್ಲಿ ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಕೊನೆಯ ಕಾಫಿ ಕುಡಿದ ಹೊತ್ತುಗಳನ್ನು ಗುರುತು ಹಾಕಿಕೊಳ್ಳಿ. ಗೊರಕೆ ಹೊಡೆಯುತ್ತೀರಾ ಎಂದು ಮನೆಯವರನ್ನು ಕೇಳಿ ಅದನ್ನೂ ಬರೆದಿಟ್ಟು, ಆ ಪುಸ್ತಕವನ್ನು ವೈದ್ಯರ ಮುಂದಿಡಿ.