ಬಂದೂಕಿನಿಂದ ಉಳಿದ ಹಿಮಕರಡಿಗೆ ಈಗ ಮಂಜುಗಡ್ಡೆಯೇ ಇಲ್ಲ

ಹಿಮಕರಡಿಗಳ ಸಂಖ್ಯೆ ಜಾಸ್ತಿ ಆಗಿದೆ ಎಂದು ಒಬ್ಬರು ಹೇಳುತ್ತಾರೆ, ಅವು ಅಳಿದೇ ಹೋಗುತ್ತಿವೆ ಎಂದು ಇನ್ನೊಬ್ಬರು. ಇಬ್ಬರ ಮಾತಿಗೂ ಬೇರೆ ಬೇರೆ ಕಾಲದ ಆಧಾರವಿದೆ. ಒಂದು ಬಂದೂಕಿನ ಕಾಲದ ಕಥೆ, ಇನ್ನೊಂದು ಮಂಜುಗಡ್ಡೆಯದು. ಎರಡನ್ನೂ ಒಂದೇ ಗಂಟು ಹಾಕಿದ್ದಕ್ಕೇ ಇಷ್ಟು ಗೊಂದಲ.

ಮೊದಲು ಬಂದೂಕು. ಉತ್ತರ ಧ್ರುವದ ಸುತ್ತಲಿನ ಇನ್ಯೂಟ್ ಜನ ತಲೆತಲಾಂತರದಿಂದ ಹಿಮಕರಡಿ ಬೇಟೆ ಆಡಿಕೊಂಡು ಬಂದವರು. ಮಾಂಸ ಊಟಕ್ಕೆ, ಚರ್ಮ ಚಳಿಗೆ. ಕರಡಿಗೆ ಕುತ್ತು ಬಂದಿದ್ದು ಹೊರಗಿನವರು ಚರ್ಮದ ವ್ಯಾಪಾರಕ್ಕೂ ಶೋಕಿಗೂ ಅಲ್ಲಿಗೆ ಹೋದ ಮೇಲೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಮರದ ಪೆಟ್ಟಿಗೆಯೊಳಗೆ ಬಂದೂಕು ಇಟ್ಟು, ಅದರ ಕುದುರೆಗೆ ದಾರ ಕಟ್ಟಿ, ದಾರದ ತುದಿಗೆ ಮಾಂಸ ಸಿಕ್ಕಿಸುತ್ತಿದ್ದರು. ಕರಡಿ ಮೂತಿ ಹಾಕಿ ಎಳೆದರೆ ಮುಗಿಯಿತು. ಹಿಂದೆ ಮರಿಗಳು ಕಾಯುತ್ತಿವೆಯೇ ಎಂದು ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಅಲಾಸ್ಕಾದಲ್ಲಿ ಸಣ್ಣ ವಿಮಾನದಲ್ಲಿ ಹಾರಿ, ಮೇಲಿನಿಂದಲೇ ಕರಡಿ ಹುಡುಕಿ, ಹತ್ತಿರ ಇಳಿದು ಹೊಡೆಯುತ್ತಿದ್ದರು.

ಸೋವಿಯತ್ ಒಕ್ಕೂಟ 1956ರಲ್ಲೇ ಬೇಟೆ ನಿಲ್ಲಿಸಿತು. ಉಳಿದವರು ಒಟ್ಟಿಗೆ ಕೂರಲು ಇನ್ನೂ 17 ವರ್ಷ ಬೇಕಾಯಿತು. 1973ರ ನವೆಂಬರ್‌ನಲ್ಲಿ ಓಸ್ಲೋದಲ್ಲಿ ಕೆನಡಾ, ಅಮೆರಿಕ, ನಾರ್ವೆ, ಡೆನ್ಮಾರ್ಕ್ ಮತ್ತು ಸೋವಿಯತ್ ಒಕ್ಕೂಟ ಒಂದೇ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರದ ಆ ದಿನಗಳಲ್ಲಿ ಒಂದು ಪ್ರಾಣಿಗಾಗಿ ಇವರೆಲ್ಲ ಒಪ್ಪಿದ್ದು ನನಗೆ ಈಗಲೂ ದೊಡ್ಡ ವಿಷಯ ಅನಿಸುತ್ತದೆ. ಸ್ಥಳೀಯರ ಸಾಂಪ್ರದಾಯಿಕ ಬೇಟೆಗೆ ಅವಕಾಶ ಉಳಿಯಿತು. ಒಪ್ಪಂದ ಫಲವನ್ನೂ ಕೊಟ್ಟಿತು, ಸ್ವಾಲ್ಬಾರ್ಡ್ ಸುತ್ತ ಕರಡಿಗಳು ಚೇತರಿಸಿಕೊಂಡವು. ಸಂಖ್ಯೆ ಜಾಸ್ತಿ ಆಗಿದೆ ಎಂಬ ಮಾತು ಹುಟ್ಟಿದ್ದು ಇಲ್ಲಿ. ಆದರೆ 60ರ ದಶಕದ ಲೆಕ್ಕವೆಲ್ಲ ಬರೀ ಊಹೆ. ಅದನ್ನು 2015ರಲ್ಲಿ ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಕೊಟ್ಟ ಸುಮಾರು 26,000 ಎಂಬ ಅಂದಾಜಿನ ಪಕ್ಕ ಇಟ್ಟು ತಾಳೆ ನೋಡುವುದು ಸರಿಯಲ್ಲ.

ಆ ಒಪ್ಪಂದದಲ್ಲಿ ಇನ್ನೊಂದು ಸಾಲೂ ಇತ್ತು. ಕರಡಿ ಬದುಕುವ ಪರಿಸರವನ್ನೂ ಕಾಪಾಡುತ್ತೇವೆ ಎಂಬ ಸಾಲು. ತೊಡಕು ಇರುವುದು ಅಲ್ಲೇ.

ಇದು ಚೆನ್ನಾಗಿ ಅರ್ಥವಾಗಬೇಕಾದರೆ ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿರುವ ಚರ್ಚಿಲ್ ಎಂಬ ಊರನ್ನು ನೋಡಬೇಕು. ಸಾವಿರ ಜನವೂ ಇಲ್ಲದ ಊರು. ಇಲ್ಲಿ ಪ್ರತಿ ಬೇಸಿಗೆಯಲ್ಲಿ ಕೊಲ್ಲಿಯ ಮಂಜುಗಡ್ಡೆ ಪೂರ್ತಿ ಕರಗುತ್ತದೆ, ಕರಡಿಗಳು ದಡಕ್ಕೆ ಬರುತ್ತವೆ, ನವೆಂಬರ್ ಹೊತ್ತಿಗೆ ನೀರು ಮತ್ತೆ ಗಟ್ಟಿಯಾಗುವವರೆಗೆ ಹೆಚ್ಚುಕಮ್ಮಿ ಉಪವಾಸ. ಅವು ತಮ್ಮ ಮುಖ್ಯ ಊಟವಾದ ಸೀಲ್ ಎಂಬ ಕಡಲ ಪ್ರಾಣಿಯನ್ನು ಹಿಡಿಯುವುದು ಮಂಜುಗಡ್ಡೆಯ ಮೇಲೆ ನಿಂತು. ವಸಂತದಲ್ಲಿ ಸೀಲ್ ಮರಿಗಳನ್ನು ತಿಂದು ಕೂಡಿಟ್ಟ ಕೊಬ್ಬೇ ವರ್ಷದ ಬುತ್ತಿ. ಬಸುರಿ ಕರಡಿಯಂತೂ ಮರಿ ಹಾಕಿ ಗುಹೆಯಿಂದ ಹೊರಗೆ ಬರುವಷ್ಟರಲ್ಲಿ ಎಂಟು ತಿಂಗಳು ಊಟ ಬಿಟ್ಟಿರುತ್ತದೆ! ಈಗ 80ರ ದಶಕಕ್ಕಿಂತ ಮೂರು-ನಾಲ್ಕು ವಾರ ಹೆಚ್ಚು ದಿನ ಅಲ್ಲಿ ಮಂಜುಗಡ್ಡೆ ಇರುವುದಿಲ್ಲ. ಕೇಳುವವರಿಗೆ ಮೂರು ವಾರ ಏನು ಮಹಾ ಅನಿಸಬಹುದು, ಆದರೆ ಅದು ಊಟದ ದಿನಗಳಿಂದ ಕಳೆದ ಮೂರು ವಾರ. ಇಯಾನ್ ಸ್ಟರ್ಲಿಂಗ್ ಮತ್ತು ಆಂಡ್ರ್ಯೂ ಡೆರೋಷರ್ ಎಂಬ ವಿಜ್ಞಾನಿಗಳು ಬಿಸಿಯಾಗುವ ಹವೆಯಿಂದ ಹೀಗಾದೀತು ಎಂದು 1993ರಲ್ಲೇ ಬರೆದಿದ್ದರು. ಅಲ್ಲಿನ ಗುಂಪಿನಲ್ಲಿ 80ರ ದಶಕದ ಕೊನೆಗೆ ಸುಮಾರು 1,200 ಕರಡಿಗಳಿದ್ದವು. 2016ರಲ್ಲಿ 842, 2021ರಲ್ಲಿ 618.

ನೆಲದ ಮೇಲೆ ಬೇರೇನಾದರೂ ತಿಂದು ಬದುಕಬಹುದಲ್ವಾ ಎಂದು ಕೇಳುವವರಿದ್ದಾರೆ. ಇದೇ ಭಾಗದ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿ ನೋಡಿದ ಅಧ್ಯಯನ 2024ರಲ್ಲಿ ಬಂತು. ಕೆಲವು ಹಣ್ಣು ತಿಂದವು, ಕೆಲವು ಹುಲ್ಲು ಮೇದವು, ಕೆಲವು ಸುಮ್ನೆ ಮಲಗಿ ಶಕ್ತಿ ಉಳಿಸಿದವು. 19 ಕರಡಿಗಳು ತೂಕ ಕಳೆದುಕೊಂಡವು, ಸರಾಸರಿ ದಿನಕ್ಕೆ ಒಂದು ಕಿಲೋ.

ಹಸಿದ ಕರಡಿ ಊರಿಗೆ ಬರುತ್ತದೆ. ಚರ್ಚಿಲ್‌ನಲ್ಲಿ ಅಂಥ ಕರಡಿಗಳನ್ನು ಹಿಡಿದಿಡಲು ಕಟ್ಟಡವೇ ಇದೆ. ಅಲ್ಲಿ ನೀರು ಮಾತ್ರ, ಊಟವಿಲ್ಲ. ಮನುಷ್ಯರ ಹತ್ತಿರ ಹೋದರೆ ಊಟ ಸಿಗುತ್ತದೆ ಎಂಬ ಅಭ್ಯಾಸ ಆಗಬಾರದು ಅಂತ. ಆಮೇಲೆ ಹೆಲಿಕಾಪ್ಟರ್‌ನಲ್ಲಿ ಊರಾಚೆ ಬಿಟ್ಟು ಬರುತ್ತಾರೆ. ಯಾರಾದರೂ ಓಡಿ ಬಂದು ಒಳಗೆ ಸೇರಿಕೊಳ್ಳಲಿ ಎಂದು ಊರಿನ ಜನ ಕಾರಿಗೆ ಬೀಗ ಹಾಕುವುದಿಲ್ಲ.

ಎಲ್ಲ ಕಡೆ ಹೀಗೇ ಇಲ್ಲ. ಹಿಮಕರಡಿಗಳನ್ನು ಸುಮಾರು 20 ಗುಂಪುಗಳಾಗಿ ಲೆಕ್ಕ ಹಾಕುತ್ತಾರೆ. ಸ್ವಾಲ್ಬಾರ್ಡ್ ಕಡೆ ಮಂಜುಗಡ್ಡೆ ಬೇಗ ಕರಗುತ್ತಿದ್ದರೂ ಅಲ್ಲಿನ ಕರಡಿಗಳು ಇನ್ನೂ ತಾಳಿಕೊಂಡಿವೆ, ಹಿಮಸಾರಂಗವನ್ನೂ ಹಕ್ಕಿಮೊಟ್ಟೆಯನ್ನೂ ತಿನ್ನುತ್ತಿವೆ. ಇದನ್ನು ಮುಚ್ಚಿಡಬಾರದು. ಇದೊಂದನ್ನೇ ಹಿಡಿದು ಚಿಂತೆ ಬೇಡ ಎನ್ನುವುದೂ ತಪ್ಪು. ದೂರದ ಕಾರ್ಖಾನೆಗಳಿಂದ ಬಂದ ಪಿಸಿಬಿ ಎಂಬ ರಾಸಾಯನಿಕ ಈ ಕರಡಿಗಳ ಕೊಬ್ಬಿನಲ್ಲಿ ಸೇರಿಕೊಂಡಿದೆ, ಮರಿಗೆ ತಾಯಿಯ ಹಾಲಿನಲ್ಲೇ ಹೋಗುತ್ತದೆ.

ಜಗಳ ಮಾತ್ರ ಮತ್ತೆ ಮತ್ತೆ ಬೇಟೆಗೇ ಬಂದು ನಿಲ್ಲುತ್ತದೆ. ಕರಡಿ ಚರ್ಮದ ಅಂತಾರಾಷ್ಟ್ರೀಯ ವ್ಯಾಪಾರ ನಿಲ್ಲಿಸಬೇಕು ಎಂಬ ಪ್ರಸ್ತಾಪ 2010ರಲ್ಲಿ ದೋಹಾದಲ್ಲಿ, 2013ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಜಾಗತಿಕ ಸಭೆಗಳಲ್ಲಿ ಬಂದು ಎರಡು ಸಲವೂ ಬಿದ್ದುಹೋಯಿತು. ಇನ್ಯೂಟ್ ಜನ ಅದನ್ನು ವಿರೋಧಿಸಿದ್ದರು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗಾಳಿಗೆ ಹೊಗೆ ತುಂಬಿದವರಲ್ಲಿ ಅವರ ಪಾಲು ತೀರಾ ಕಡಿಮೆ, ಆದರೆ ಮೊದಲು ನೀವು ವ್ಯಾಪಾರ ಬಿಡಿ ಎಂದು ಹೇಳಿಸಿಕೊಂಡವರು ಅವರೇ.

2015ರಲ್ಲಿ ಅದೇ ಐದು ದೇಶಗಳು ಗ್ರೀನ್‌ಲ್ಯಾಂಡ್‌ನಲ್ಲಿ ಸೇರಿ ಹೊಸ ಯೋಜನೆ ಮಾಡಿದವು. ಹವಾಮಾನ ಬದಲಾವಣೆಯೇ ಹಿಮಕರಡಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಎಂದು ಅದರಲ್ಲಿ ಒಪ್ಪಿಕೊಂಡವು. ಆದರೆ ಆ ಯೋಜನೆ ನಡೆಸುವುದು ವನ್ಯಜೀವಿ ಇಲಾಖೆಗಳು. ಬೇಟೆಗೆ ಮಿತಿ ಹಾಕುವುದು, ಕರಡಿ ಎಣಿಸುವುದು, ಊರಿಗೆ ಬಂದದ್ದನ್ನು ಆಚೆ ಬಿಡುವುದು ಅವರ ಕೈಲಿದೆ. ಹಡ್ಸನ್ ಕೊಲ್ಲಿ ಯಾವಾಗ ಹೆಪ್ಪುಗಟ್ಟಬೇಕು ಎನ್ನುವುದು ಅವರ ಕೈಲಿಲ್ಲ.