ಉದ್ಯಾನದಲ್ಲಿ ಸಂಗೀತ ಕಾರ್ಯಕ್ರಮ: ಪರಿಸರದ ಲೆಕ್ಕವನ್ನು ನೆಲದಿಂದ ಓದೋಣ

ಸಾರ್ವಜನಿಕ ಉದ್ಯಾನದಲ್ಲಿ ನಡೆಯುವ ಸಂಗೀತ ಕಾರ್ಯಕ್ರಮವು ಪರಿಸರದ ಮೇಲೆ ಮಾಡುವ ಪರಿಣಾಮ ಬರೆಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಶಬ್ದ, ಕಸ, ಹೊಗೆ ಎಂದು ಮೂರು ಶೀರ್ಷಿಕೆ ಹಾಕಿ ಮುಗಿಸುತ್ತೇವೆ. ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ಆಮೇಲೆ ಒಂದೊಂದರ ಎದುರಿಗೂ ‘ಇದು ಎಷ್ಟು ಕಾಲ ಉಳಿಯುತ್ತದೆ?’ ಎಂದು ಗುರುತು ಹಾಕುತ್ತಾ ಹೋದೆ. ಪಟ್ಟಿ ತಲೆಕೆಳಗಾಯಿತು. ಶಬ್ದ ಅಂದೇ ರಾತ್ರಿ ನಿಲ್ಲುತ್ತದೆ, ಕಸದಲ್ಲಿ ಹೆಚ್ಚಿನದು ಒಂದೆರಡು ದಿನದಲ್ಲಿ ಎತ್ತಿಹೋಗುತ್ತದೆ. ಭಾರಕ್ಕೆ ಸಿಕ್ಕಿ ಗಟ್ಟಿಯಾದ ಮಣ್ಣು ವರ್ಷಗಟ್ಟಲೆ ಹಾಗೇ ಇರಬಹುದು. ಕಣ್ಣಿಗೆ ಕಾಣದ ಇದೇ ಅತಿ ಮುಖ್ಯ ಎಂದು ನನಗನ್ನಿಸುವುದರಿಂದ ಟಿಪ್ಪಣಿಯನ್ನು ನೆಲದಿಂದಲೇ ಶುರು ಮಾಡುತ್ತಿದ್ದೇನೆ.

ಮಣ್ಣಿನ ಒಳಗೆ ಏನಾಗುತ್ತದೆ

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಗಟ್ಟಿ ಪದಾರ್ಥ ಇರುವುದು ಸುಮಾರು ಅರ್ಧ ಮಾತ್ರ. ಉಳಿದರ್ಧ ಸಣ್ಣ ದೊಡ್ಡ ರಂಧ್ರಗಳು, ಅವುಗಳಲ್ಲಿ ನೀರು ಮತ್ತು ಗಾಳಿ. ಬೇರು ಉಸಿರಾಡುವುದೂ ಮಳೆನೀರು ಇಂಗುವುದೂ ಈ ಜಾಗದಲ್ಲೇ. ಭಾರ ಬಿದ್ದಾಗ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು. ಮಣ್ಣಿನ ತೂಕ ಒಂದು ಗ್ರಾಂ ಕೂಡ ಬದಲಾಗಿರುವುದಿಲ್ಲ, ಆದರೆ ನೀರು ಇಳಿಯುವ ದಾರಿ ಮುಚ್ಚಿಹೋಗಿರುತ್ತದೆ. ಮುಂದಿನ ಮಳೆಗೆ ಅಲ್ಲಿ ಕೆಸರು ನಿಲ್ಲುತ್ತದೆ, ಬಿಸಿಲಿಗೆ ಅದೇ ಜಾಗ ಬಿರುಕು ಬಿಡುತ್ತದೆ. ಎರಡಕ್ಕೂ ಕಾರಣ ಒಂದೇ.

ಒತ್ತಡದ ಲೆಕ್ಕವನ್ನು ಒಮ್ಮೆ ಮಾಡಿಬಿಡೋಣ. 60 ಕಿಲೋ ತೂಕದವರ ಎರಡೂ ಪಾದಗಳ ಅಡಿ ಸೇರಿ 300 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಒಂದು ಚದರ ಸೆಂಟಿಮೀಟರ್ ಮೇಲೆ 0.2 ಕಿಲೋ ಭಾರ. ಒಂದೇ ಕಾಲಲ್ಲಿ ನಿಂತರೆ 0.4. ಲಾರಿ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ. ಇಲ್ಲಿ ಇನ್ನೊಂದು ವಿಷಯವನ್ನು ಬಿಡಬಾರದು. ಪೆಟ್ಟು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಗಾಡಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ (ಆಕ್ಸಲ್) ಮೇಲಿರುವ ಒಟ್ಟು ಭಾರ. ಕುಣಿಯುವ ಜನ ಮೇಲಿನ ಕೆಲವು ಸೆಂಟಿಮೀಟರ್ ಮಣ್ಣನ್ನು ಗಟ್ಟಿ ಮಾಡುತ್ತಾರೆ. ಅದನ್ನು ಕೆದಕಿ, ತೂತು ಹೊಡೆದು ಸಡಿಲಿಸಬಹುದು. ವೇದಿಕೆಯ ಕಬ್ಬಿಣ ಹೊತ್ತು ಬರುವ ಲಾರಿ, ಕ್ರೇನುಗಳ ಪೆಟ್ಟು ಅರ್ಧ ಮೀಟರಿನವರೆಗೂ ಹೋಗಬಲ್ಲದು. ಅಷ್ಟು ಆಳವನ್ನು ಸರಿಪಡಿಸುವುದು ಬಹಳ ಕಷ್ಟ. ದೂರು ಬರುವುದು ಮಾತ್ರ ಯಾವಾಗಲೂ ಜನಸಂದಣಿಯ ಮೇಲೆ.

ಒಂದೇ ಜಾಗದಲ್ಲಿ ಹತ್ತು ಸಲ ಗಾಡಿ ಓಡಿದರೆ ಹಾನಿ ಹತ್ತು ಪಟ್ಟು ಆಗುವುದಿಲ್ಲ, ಬಹುಪಾಲು ಮೊದಲ ಓಟದಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ವಾಹನಗಳನ್ನು ಮೈದಾನದ ತುಂಬ ಹರಡುವುದಕ್ಕಿಂತ ಒಂದೇ ದಾರಿ ಗೊತ್ತುಮಾಡಿ ಅದರಲ್ಲೇ ಓಡಿಸುವುದು ಲೇಸು. ನೆಲ ಒದ್ದೆಯಾಗಿದ್ದರೆ ಮಣ್ಣಿನ ಕಣಗಳು ಸುಲಭವಾಗಿ ಜಾರಿ ಒತ್ತಾಗಿ ಕೂರುತ್ತವೆ. ಒಣ ದಿನ ತಡೆದುಕೊಂಡ ಭಾರವನ್ನೇ ಮಳೆಯ ಮರುದಿನ ಅದೇ ನೆಲ ತಡೆಯಲಾರದು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಇದಕ್ಕೆ ಉದಾಹರಣೆ. 2023ರ ಸೆಪ್ಟೆಂಬರ್ 23ರಂದು ಅಲ್ಲಿನ ಗ್ರೇಟ್ ಲಾನ್ ಎಂಬ ದೊಡ್ಡ ಹುಲ್ಲುಹಾಸಿನ ಮೇಲೆ ಗ್ಲೋಬಲ್ ಸಿಟಿಜನ್ ಫೆಸ್ಟಿವಲ್ ನಡೆಯಿತು. ಮಳೆ ಸುರಿಯುತ್ತಿತ್ತು, ನೆಲ ನೀರು ಕುಡಿದು ನೆನೆದಿತ್ತು. ಅದರ ಮೇಲೆ ಭಾರಿ ಯಂತ್ರಗಳೂ ಜನರೂ ಓಡಾಡಿ ಹುಲ್ಲುಹಾಸಿನ ಮೂರನೇ ಒಂದು ಭಾಗ ಹಾಳಾಯಿತೆಂದು ಉದ್ಯಾನದ ನಿರ್ವಾಹಕರು ತಿಳಿಸಿದರು. 2024ರ ಏಪ್ರಿಲ್‌ವರೆಗೆ ಅದನ್ನು ಮುಚ್ಚಬೇಕಾಯಿತು. ಒಂದು ಸಂಜೆಯ ಕಾರ್ಯಕ್ರಮಕ್ಕೆ ಜನರು ತಿಂಗಳುಗಟ್ಟಲೆ ತಮ್ಮ ಹುಲ್ಲುಹಾಸನ್ನು ಕಳೆದುಕೊಂಡರು.

ಮರದ ನೆರಳಿನ ಅಪಾಯ

ಮರದ ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ನೀರು, ಪೋಷಕಾಂಶ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನೂ ದಾಟಿ ಹಬ್ಬಿರುತ್ತವೆ. ಕಾರ್ಯಕ್ರಮದ ದಿನ ತಿಂಡಿ ಅಂಗಡಿ, ಜನರೇಟರ್, ಸಾಮಾನಿನ ಗಾಡಿ ಎಲ್ಲವೂ ನೆರಳು ಹುಡುಕಿಕೊಂಡು ಬಂದು ನಿಲ್ಲುವುದು ಇದೇ ಬೇರುಗಳ ಮೇಲೆ. ಹುಲ್ಲಾದರೆ ವಾರದಲ್ಲಿ ಹಳದಿಯಾಗಿ ಸಂಕಟ ತೋರಿಸುತ್ತದೆ. ಮರ ಹಾಗಲ್ಲ. ತುದಿಕೊಂಬೆ ಒಣಗುವ ಹೊತ್ತಿಗೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ, ಆ ಕಾರ್ಯಕ್ರಮ ಆಗ ಯಾರಿಗೂ ನೆನಪಿರುವುದಿಲ್ಲ. ಮರದ ಸುತ್ತ ಬೇಲಿ ಹಾಕುವುದಾದರೆ ಕಾಂಡಕ್ಕೆ ಒತ್ತಿಕೊಂಡು ಹಾಕಿದರೆ ಏನೂ ಸಾಲದು; ಕೊಂಬೆಯ ಹರವಿನಿಂದ ಆಚೆಗೆ ಹಾಕಬೇಕು.

ನೀವೇ ಪರೀಕ್ಷಿಸಿ

ಎರಡೂ ಬದಿ ತೆರೆದ ಒಂದು ತಗಡಿನ ಡಬ್ಬವನ್ನು ನೆಲಕ್ಕೆ ಎರಡು ಬೆರಳಿನಷ್ಟು ಇಳಿಸಿ, ಒಂದು ಲೋಟ ನೀರು ಸುರಿದು, ಇಂಗಲು ಹಿಡಿಯುವ ಸಮಯ ನೋಡಿಕೊಳ್ಳಿ. ಒಮ್ಮೆ ಜನ ಓಡಾಡದ ಪೊದೆಯ ಪಕ್ಕ, ಇನ್ನೊಮ್ಮೆ ಸವೆದ ಕಾಲುದಾರಿಯಲ್ಲಿ. ನಾನು ಮಾಡಿದಾಗ ಪೊದೆಯ ಬದಿಯ ನೀರು ನೋಡನೋಡುತ್ತಲೇ ಇಳಿದುಹೋಯಿತು. ಕಾಲುದಾರಿಯ ನೀರು ಕನ್ನಡಿಯಂತೆ ನಿಂತೇ ಇತ್ತು. ಅದರಲ್ಲಿ ಒಂದು ಇರುವೆ ಬಿದ್ದು, ಈಜಿ, ಡಬ್ಬದ ಅಂಚು ಹತ್ತಿ ಹೊರಟುಹೋದರೂ ನೀರಿನ ಮಟ್ಟ ಇಳಿದಿರಲಿಲ್ಲ. ಎರಡೂ ಒಂದೇ ಮಣ್ಣು, ನಡುವಿನ ದೂರ ನಾಲ್ಕೇ ಹೆಜ್ಜೆ.

ಬೇಲಿ ಹಾಕಿದ ದಿನಗಳನ್ನು ಎಣಿಸಿ

ಕಾರ್ಯಕ್ರಮ ಎರಡು ದಿನದ್ದಾದರೂ ಮೊದಲು ಕಟ್ಟುವುದಕ್ಕೆ, ಆಮೇಲೆ ಬಿಚ್ಚುವುದಕ್ಕೆ ದಿನಗಳು ಬೇಕು. ಭಾರದ ಗಾಡಿಗಳು ಓಡಾಡುವುದೂ ಆ ದಿನಗಳಲ್ಲೇ. ಲಂಡನ್ನಿನ ಬ್ರಾಕ್‌ವೆಲ್ ಪಾರ್ಕ್‌ನಲ್ಲಿ ನಡೆಯುವ ಸಂಗೀತೋತ್ಸವಗಳ ವಿಚಾರದಲ್ಲಿ 2025ರ ಮೇ ತಿಂಗಳಲ್ಲಿ ಹೈಕೋರ್ಟ್ ತೀರ್ಪು ಬಂದಾಗ ಪ್ರಶ್ನೆ ಇದರ ಸುತ್ತಲೇ ಇತ್ತು. ಅಲ್ಲಿ ಪೂರ್ಣ ಪ್ರಮಾಣದ ಯೋಜನಾ ಅನುಮತಿಯಿಲ್ಲದೆ ನೆಲವನ್ನು ತಾತ್ಕಾಲಿಕವಾಗಿ ಬೇರೆ ಬಳಕೆಗೆ ಕೊಡಬಹುದಾದದ್ದು ವರ್ಷಕ್ಕೆ 28 ದಿನ. ಉತ್ಸವಗಳಿಗೆ ಉದ್ಯಾನದ ಬಳಕೆ ಅದನ್ನು ಮೀರುವುದರಿಂದ, ಅದಕ್ಕೆ ಒಪ್ಪಿದ ಸ್ಥಳೀಯ ಆಡಳಿತದ ನಿರ್ಧಾರ ನಿಲ್ಲುವುದಿಲ್ಲ ಎಂದು ಕೋರ್ಟ್ ಹೇಳಿತು. ಗಾಡಿ ಓಡಾಡಲು ನೆಲಕ್ಕೆ ಹಾಸುವ ಅಲ್ಯೂಮಿನಿಯಂ ಹಲಗೆಗಳು ಎಷ್ಟು ದಿನ ಇದ್ದವು ಎಂಬುದನ್ನೂ ಎಣಿಸಬೇಕು. ಅವು ಭಾರವನ್ನು ಹರಡಿ ಮಣ್ಣನ್ನು ಕಾಪಾಡುತ್ತವೆ ನಿಜ, ಆದರೆ ಬೆಳಕಿಲ್ಲದೆ ಹುಲ್ಲು ಅಡಿಯಲ್ಲಿ ಸೊರಗುತ್ತದೆ.

ಶಬ್ದ, ಹಕ್ಕಿ

ಡೆಸಿಬೆಲ್ ಸಾಧಾರಣ ಅಳತೆಯಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಬಯಲಿನಲ್ಲಿ ಒಂದೇ ಬಿಂದುವಿನಿಂದ ಹೊರಡುವ ಶಬ್ದ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ: 50 ಮೀಟರಿನಲ್ಲಿ 100 ಇದ್ದದ್ದು 400 ಮೀಟರಿನಲ್ಲಿ 82. ಬಾಸ್ ದನಿಯನ್ನು ಗಾಳಿಯೂ ಎಲೆಗಳೂ ಹೆಚ್ಚು ಹೀರುವುದಿಲ್ಲ. ಅದಕ್ಕೇ ದೂರದ ಮನೆಯವರಿಗೆ ಹಾಡು ಕೇಳಿಸದಿದ್ದರೂ ಧಂ ಧಂ ಎಂಬುದು ಮಾತ್ರ ಕೇಳಿಸುತ್ತದೆ. ನಾಲ್ಕು ಸಾಲು ಮರಗಳು ತಡೆಯುತ್ತವೆ ಎಂದು ಬರೆಯಬೇಡಿ.

ಹಕ್ಕಿಗಳ ಮಟ್ಟಿಗೆ ಕೇಳಬೇಕಾದ್ದು, ಇದು ಗೂಡು ಕಟ್ಟುವ ಕಾಲವೇ ಎಂಬುದು. ಕೊನೆಯಲ್ಲಿ ಸಿಡಿಮದ್ದು ಇದ್ದರಂತೂ ಹಾನಿ ಇನ್ನೊಂದು ಬಗೆಯದು. ನೆದರ್ಲೆಂಡ್ಸ್‌ನಲ್ಲಿ ಹೊಸ ವರ್ಷದ ರಾತ್ರಿಯ ಪಟಾಕಿಗೆ ಬೆದರಿ ಹಕ್ಕಿಗಳು 500 ಮೀಟರ್ ಎತ್ತರಕ್ಕೂ ಹಾರಿದ್ದು ಹವಾಮಾನದ ರಾಡಾರ್‌ನಲ್ಲೇ ಕಂಡಿದೆ.

ಹೊಗೆ ಎಲ್ಲಿಂದ?

ಜನರೇಟರ್‌ನಲ್ಲಿ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಭ್ಯಾಸಕ್ಕೆ ಊಹೆಯ ಲೆಕ್ಕವೊಂದು: 2,000 ಲೀಟರ್ ಉರಿದರೆ 5.4 ಟನ್. 20,000 ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಒಂದು ಕಾರಿಗೆ ಇಬ್ಬರಂತೆ ಬಂದರೆ 5,000 ಕಾರು. ಹೋಗಿಬರಲು 30 ಕಿಲೋಮೀಟರ್, ಕಿಲೋಮೀಟರಿಗೆ 0.17 ಕಿಲೋ ಹಿಡಿದರೆ 25.5 ಟನ್. ಜನರೇಟರ್ ಎದುರಿಗೇ ಗುಡುಗುತ್ತದೆ ಎಂದು ಎಲ್ಲರೂ ಅದನ್ನೇ ದೂರುತ್ತಾರೆ. ದೊಡ್ಡ ಪಾಲು ರಸ್ತೆಯಲ್ಲಿರುತ್ತದೆ. 2024ರ ಆಗಸ್ಟ್ 25ರಂದು ಮ್ಯಾಸಿವ್ ಅಟ್ಯಾಕ್ ಎಂಬ ಸಂಗೀತ ತಂಡ ಇಂಗ್ಲೆಂಡಿನ ಬ್ರಿಸ್ಟಲ್‌ನ ಸಾರ್ವಜನಿಕ ಹುಲ್ಲುಬಯಲೊಂದರಲ್ಲಿ ಕಾರ್ಯಕ್ರಮ ಕೊಟ್ಟಾಗ ಎರಡನ್ನೂ ಒಟ್ಟಿಗೆ ನೋಡಿತು. ವಿದ್ಯುತ್ತಿಗೆ ಬ್ಯಾಟರಿ, ಪ್ರೇಕ್ಷಕರಿಗೆ ಕಾರು ನಿಲ್ಲಿಸುವ ಜಾಗವೇ ಇಲ್ಲ.

ಕಸದ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ: ಸಿಗರೇಟಿನ ತುದಿಯ ಫಿಲ್ಟರ್ ಹತ್ತಿಯಲ್ಲ, ಪ್ಲಾಸ್ಟಿಕ್. ಹುಲ್ಲಿನ ನಡುವೆ ಅದನ್ನು ಪೊರಕೆಯಿಂದ ಗುಡಿಸಲಾಗದು.

ಅಭ್ಯಾಸಕ್ಕೆ ಒಂದು ಪ್ರಶ್ನೆ

ಶನಿವಾರ ಕಾರ್ಯಕ್ರಮ, ಟಿಕೆಟ್ ಎಲ್ಲ ಮಾರಾಟವಾಗಿದೆ. ಗುರುವಾರ ರಾತ್ರಿ ಜೋರು ಮಳೆ. ಶುಕ್ರವಾರ ಬೆಳಿಗ್ಗೆ ಲಾರಿಗಳು ಗೇಟಿನ ಮುಂದೆ ನಿಂತಿವೆ. ಒಳಗೆ ಬಿಡಬೇಕೇ ಬೇಡವೇ ಎಂದು ಹೇಳುವವರು ಯಾರಿರಬೇಕು? ನನ್ನ ಉತ್ತರ: ನೆಲವನ್ನು ಮುಟ್ಟಿ ನೋಡಿ ಬಲ್ಲ ಉದ್ಯಾನದ ಸಿಬ್ಬಂದಿ. ಒಂದು ಹಿಡಿ ಮಣ್ಣು ಹಿಂಡಿದಾಗ ಬೆರಳ ಸಂದಿಯಿಂದ ನೀರು ಜಿನುಗಿದರೆ ಗೇಟು ತೆರೆಯಬಾರದು. ಈ ಅಧಿಕಾರವನ್ನು ಒಪ್ಪಂದದಲ್ಲಿ ಮೊದಲೇ ಬರೆದಿಡಬೇಕು, ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಚರ್ಚಿಸುವುದಲ್ಲ.