ಒಂದು ಸಲಕ್ಕೆ ಎಷ್ಟು? ದಾಸ್ತಾನು ಲೆಕ್ಕ ನಡೆದುಬಂದ ದಾರಿ

ಗೋದಾಮಿನ ಒಂದು ಮೂಲೆಯಲ್ಲಿ ಎರಡು ವರ್ಷಕ್ಕೆ ಸಾಲುವಷ್ಟು ಬೋಲ್ಟು ಬಿದ್ದಿರುತ್ತದೆ. ಅದೇ ಹೊತ್ತಿಗೆ ಒಂದು ವಾಷರ್ ಇಲ್ಲದೆ ಜೋಡಣೆಯ ಲೈನ್ ನಿಂತಿರುತ್ತದೆ. ಕಾರ್ಖಾನೆ ನಡೆಸುವವರಿಗೆ ಇದು ಹೊಸದೇನಲ್ಲ. ಸ್ಟಾಕ್ ಜಾಸ್ತಿಯೂ ಹೌದು, ಕಮ್ಮಿಯೂ ಹೌದು. ಈ ಗಂಟು ಬಿಡಿಸಲು ನೂರು ವರ್ಷಗಳಿಂದ ಸೂತ್ರ, ಕಂಪ್ಯೂಟರು, ಕಾರ್ಡು ಎಲ್ಲವೂ ಬಂದಿವೆ. ಅವು ಬಂದ ದಾರಿಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪ್ರತಿ ಪದ್ಧತಿಯೂ ಯಾವುದೋ ಒಂದು ಸಂಖ್ಯೆಯನ್ನು ‘ಅದು ಇರುವುದೇ ಹಾಗೆ’ ಎಂದು ಒಪ್ಪಿಕೊಂಡು ಲೆಕ್ಕ ಶುರುಮಾಡುತ್ತದೆ. ಆ ಸಂಖ್ಯೆಯನ್ನು ಯಾರಾದರೂ ಕೆದಕಿದಾಗ ಮುಂದಿನ ಪದ್ಧತಿ ಹುಟ್ಟುತ್ತದೆ.

ಮೊದಲ ಲೆಕ್ಕ 1913ರದು. ಫೋರ್ಡ್ ವಿಟ್‌ಮನ್ ಹ್ಯಾರಿಸ್ ಎಂಬ ಎಂಜಿನಿಯರ್ ಅಮೆರಿಕದ ‘ಫ್ಯಾಕ್ಟರಿ’ ಪತ್ರಿಕೆಯಲ್ಲಿ ಒಂದು ಸರಳ ಪ್ರಶ್ನೆ ಎತ್ತಿದ: ಒಂದು ಭಾಗವನ್ನು ಒಂದು ಸಲಕ್ಕೆ ಎಷ್ಟು ಮಾಡಬೇಕು? ಸ್ವಲ್ಪ ಸ್ವಲ್ಪ ಮಾಡಿದರೆ ಯಂತ್ರವನ್ನು ಪದೇ ಪದೇ ಸಜ್ಜುಗೊಳಿಸುವ ಖರ್ಚು, ಅಂದರೆ ಸೆಟಪ್ ಖರ್ಚು ಏರುತ್ತದೆ. ಒಟ್ಟಿಗೆ ಮಾಡಿಟ್ಟರೆ ದುಡ್ಡು ಸ್ಟಾಕ್ ರೂಪದಲ್ಲಿ ಕೂತುಬಿಡುತ್ತದೆ. ಬಡ್ಡಿ, ಜಾಗ, ತುಕ್ಕು, ಹಳತಾಗುವಿಕೆ ಎಲ್ಲವೂ ಬೀಳುತ್ತವೆ. ಈ ಎರಡೂ ಸರಿದೂಗುವ ಪ್ರಮಾಣವೇ ಮಿತವ್ಯಯದ ಆರ್ಡರ್ ಪ್ರಮಾಣ. ವರ್ಷದ ಬೇಡಿಕೆಯನ್ನು ಸೆಟಪ್ ಖರ್ಚಿನಿಂದ ಗುಣಿಸಿ, ಇಮ್ಮಡಿ ಮಾಡಿ, ಒಂದು ಭಾಗವನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು.

ಅಂಕಿ ಹಾಕಿ ನೋಡೋಣ. ವರ್ಷಕ್ಕೆ 10,000 ಭಾಗ ಬೇಕು. ಒಂದು ಸೆಟಪ್‌ಗೆ 800, ಯಾವ ನಾಣ್ಯವಾದರೂ ಸರಿ. ಒಂದು ಭಾಗವನ್ನು ವರ್ಷ ಪೂರ್ತಿ ಇಟ್ಟುಕೊಳ್ಳಲು 4. ಉತ್ತರ 2,000. ಅಂದರೆ ವರ್ಷಕ್ಕೆ ಐದು ಸಲ ಮಾಡಬೇಕು. ಸೆಟಪ್‌ಗೆ 4,000, ಸರಾಸರಿ 1,000 ಭಾಗ ಇಟ್ಟುಕೊಳ್ಳಲು 4,000, ಒಟ್ಟು 8,000. ಈಗ ಯಾರೋ ತಪ್ಪಿ 3,000 ಮಾಡಿದರು ಅನ್ನಿ. ಒಟ್ಟು ಖರ್ಚು ಸುಮಾರು 8,667. ಪ್ರಮಾಣ ಒಂದೂವರೆ ಪಟ್ಟಾದರೂ ಖರ್ಚು ಏರಿದ್ದು ಶೇ 8ರಷ್ಟು ಮಾತ್ರ. ಈ ಸೂತ್ರ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ: ಅಂದಾಜು ಸ್ವಲ್ಪ ತಪ್ಪಿದರೂ ಅದು ದಂಡ ವಿಧಿಸುವುದಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಹ್ಯಾರಿಸ್‌ಗೆ ಅನ್ಯಾಯವಾಯಿತು. ಬಹುಕಾಲ ಅವನ ಮೂಲ ಲೇಖನ ಯಾರ ಕೈಗೂ ಸಿಗಲಿಲ್ಲ. 1934ರಲ್ಲಿ ಇದೇ ವಿಷಯ ಬರೆದ ಆರ್.ಎಚ್. ವಿಲ್ಸನ್ ಹೆಸರಿನಲ್ಲಿ ಸೂತ್ರ ಓಡಾಡಿತು.

ವಿಲ್ಸನ್ ಮಾಡಿದ ಕೆಲಸವೂ ಸಣ್ಣದಲ್ಲ. ಎಷ್ಟು ತರಿಸಬೇಕು ಎಂಬುದು ಒಂದು ಪ್ರಶ್ನೆ, ಯಾವಾಗ ತರಿಸಬೇಕು ಎಂಬುದು ಬೇರೆಯೇ ಪ್ರಶ್ನೆ ಎಂದು ಅವನು ವಿಂಗಡಿಸಿದ. ಸ್ಟಾಕ್ ಇಂತಿಷ್ಟಕ್ಕೆ ಇಳಿದ ಕೂಡಲೇ ಆರ್ಡರ್ ಹಾಕು ಎಂಬ ಮಟ್ಟವೇ ಮರುಆರ್ಡರ್ ಬಿಂದು. ಎರಡನೆಯ ಮಹಾಯುದ್ಧದ ನಂತರ ಸಂಖ್ಯಾಶಾಸ್ತ್ರ ಬಲ್ಲವರು ಈ ಕಡೆ ತಿರುಗಿದ ಮೇಲೆ ಅದರ ಜೊತೆ ಸುರಕ್ಷಾ ದಾಸ್ತಾನಿನ, ಅಂದರೆ ಏರುಪೇರು ತಡೆಯಲು ಹೆಚ್ಚುವರಿಯಾಗಿ ಇಟ್ಟುಕೊಳ್ಳುವ ಸ್ಟಾಕಿನ, ಲೆಕ್ಕ ಗಟ್ಟಿಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಹಳ ಕಡೆ ತಪ್ಪುವುದು ಇಲ್ಲೇ. ವಾರದ ಸರಾಸರಿ ಬೇಡಿಕೆ 200, ಅದರ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, 40. ಮಾಲು ಬರಲು 4 ವಾರ. ನೂರಕ್ಕೆ 95 ಸಲ ಸ್ಟಾಕ್ ಮುಗಿಯಬಾರದು ಎಂದರೆ, ಅದಕ್ಕೆ ಸಂಖ್ಯಾಶಾಸ್ತ್ರ ಕೊಡುವ ಗುಣಕ 1.65ನ್ನು 40ರಿಂದ, ಮತ್ತೆ 4ರ ವರ್ಗಮೂಲವಾದ 2ರಿಂದ ಗುಣಿಸಬೇಕು: 132. ಮರುಆರ್ಡರ್ ಬಿಂದು 4 ವಾರದ ಬೇಡಿಕೆ 800 ಕೂಡಿಸು 132, ಅಂದರೆ 932. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಪೂರೈಕೆದಾರ ಸರಿಯಾಗಿ 4 ವಾರಕ್ಕೆ ತರುವವನಲ್ಲ. ಒಮ್ಮೆ 3, ಒಮ್ಮೆ 5, ಆ ಅವಧಿಯ ವಿಚಲನೆಯೇ 1 ವಾರ. ಅದನ್ನೂ ಸೇರಿಸಿದರೆ ಸುರಕ್ಷಾ ದಾಸ್ತಾನು 132ರಿಂದ ಸುಮಾರು 355ಕ್ಕೆ ಹಾರುತ್ತದೆ. ಗ್ರಾಹಕರ ಬೇಡಿಕೆಯನ್ನು ಇನ್ನಷ್ಟು ನಿಖರವಾಗಿ ಊಹಿಸಲು ಹೊಸ ತಂತ್ರಾಂಶ ಕೊಳ್ಳುವ ಮೊದಲು ಪೂರೈಕೆದಾರನ ಬಾಗಿಲು ತಟ್ಟುವುದು ಅಗ್ಗ. ಈ ಲೆಕ್ಕ ಗೊತ್ತಿದ್ದೂ ಲೀಡ್ ಟೈಮ್, ಅಂದರೆ ಆರ್ಡರ್ ಬಿಟ್ಟಲ್ಲಿಂದ ಮಾಲು ಕೈಸೇರುವವರೆಗಿನ ಸಮಯದ ಕಾಲಮ್ಮಿನಲ್ಲಿ ಒಂದೇ ಅಂಕಿ ತುಂಬಿ ಮರೆತುಬಿಡುವುದು ಇಂದಿಗೂ ನಡೆಯುತ್ತಲೇ ಇದೆ.

1951ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಚ್. ಫೋರ್ಡ್ ಡಿಕಿ ಎ, ಬಿ, ಸಿ ವಿಂಗಡಣೆಯನ್ನು ಮುಂದಿಟ್ಟ. ವರ್ಷದ ಬಳಕೆಯ ಮೌಲ್ಯದ ಸಿಂಹಪಾಲು ತಿನ್ನುವ ಕೆಲವೇ ವಸ್ತುಗಳು ಎ. ಲೆಕ್ಕದಲ್ಲಿ ಬಹಳ, ಮೌಲ್ಯದಲ್ಲಿ ಚಿಲ್ಲರೆಯಾದವು ಸಿ. ಮೊದಲಿನವುಗಳ ಮೇಲೆ ಕಣ್ಣಿಡು, ಕೊನೆಯವನ್ನು ಧಾರಾಳವಾಗಿ ಇಟ್ಟುಕೋ ಎಂಬುದು ಇದರ ತಿರುಳು. ಈ ಸಲಹೆಯ ಮೊದಲ ಅರ್ಧವನ್ನು ಎಲ್ಲರೂ ಪಾಲಿಸುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಲೈನ್ ನಿಲ್ಲಿಸಿದ ಆ ವಾಷರ್ ಸಿ ಗುಂಪಿನದೇ ಆಗಿರುತ್ತದೆ.

ಇಷ್ಟಾದರೂ ಮರುಆರ್ಡರ್ ಬಿಂದುವಿನ ಬುಡದಲ್ಲಿ ಒಂದು ತೊಡಕು ಉಳಿದಿತ್ತು. ಪ್ರತಿ ವಸ್ತುವಿನ ಬೇಡಿಕೆಯೂ ತಂತಾನೇ, ಹೆಚ್ಚೂಕಡಿಮೆ ಒಂದೇ ಸಮನೆ ಬರುತ್ತದೆ ಎಂದು ಅದು ನಂಬಿತ್ತು. ಅಂಗಡಿಯ ಮಾಲಿಗೆ ಇದು ಸರಿ. ಮೇಜಿನ ಕಾಲಿಗೆ ಸರಿಯಲ್ಲ. ಮೇಜು ಜೋಡಿಸುವ ವಾರ 200 ಕಾಲು ಬೇಕು, ಮುಂದಿನ ಏಳು ವಾರ ಒಂದೂ ಬೇಡ. ‘ವಾರಕ್ಕೆ ಸರಾಸರಿ 25’ ಎಂಬ ಅಂಕಿಯಿಂದ ಯಾರಿಗೂ ಪ್ರಯೋಜನವಿಲ್ಲ. ಅದರ ಮೇಲೆ ಇನ್ನೊಂದು ಪೆಟ್ಟು: ಹತ್ತು ಬಗೆಯ ಭಾಗ ಸೇರಿ ಒಂದು ಸರಕು ಆಗುವುದಾದರೆ, ಪ್ರತಿಯೊಂದೂ ನೂರಕ್ಕೆ 90 ಸಲ ಸ್ಟಾಕಿನಲ್ಲಿದ್ದರೂ, ಹತ್ತೂ ಒಟ್ಟಿಗೆ ಸಿಗುವುದು ನೂರಕ್ಕೆ ಸುಮಾರು 35 ಸಲ. 0.9ನ್ನು ಹತ್ತು ಸಲ ಗುಣಿಸಿದರೆ ಸಾಕು, ಗೊತ್ತಾಗುತ್ತದೆ.

1960ರ ದಶಕದಲ್ಲಿ ಜೋಸೆಫ್ ಓರ್ಲಿಕಿ ಇದನ್ನೇ ಹಿಡಿದ. ಕೃಷಿ ಯಂತ್ರ ತಯಾರಿಸುವ ಜೆ.ಐ. ಕೇಸ್ ಕಂಪನಿಯಲ್ಲೂ, ನಂತರ ಐಬಿಎಂನಲ್ಲೂ ಅವನು ಕೆಲಸ ಮಾಡಿದ. ಮೇಜಿನ ಬೇಡಿಕೆಯನ್ನು ಊಹಿಸಬೇಕು, ಸರಿ. ಕಾಲಿನ ಬೇಡಿಕೆಯನ್ನು ಊಹಿಸುವುದೇಕೆ? ಗುಣಿಸಿದರಾಯಿತು. ಇದೇ ಸಾಮಗ್ರಿ ಅಗತ್ಯ ಯೋಜನೆ, ಎಂಆರ್‌ಪಿ. 8ನೇ ವಾರ 50 ಮೇಜು ಕೊಡಬೇಕು. ಜೋಡಣೆಗೆ 1 ವಾರ, ಹಾಗಾಗಿ 7ನೇ ವಾರದ ಆರಂಭಕ್ಕೆ 200 ಕಾಲು ಕೈಯಲ್ಲಿರಬೇಕು. ಸ್ಟಾಕಿನಲ್ಲಿ 30 ಇವೆ. ಹಿಂದೆ ಹಾಕಿದ ಆರ್ಡರ್‌ನ 40, 6ನೇ ವಾರ ಬರಲಿವೆ. ಉಳಿದ ನಿವ್ವಳ ಅಗತ್ಯ 130. ಕಾಲು ಮಾಡಲು 2 ವಾರ ಹಿಡಿಯುವುದರಿಂದ 5ನೇ ವಾರ 130ಕ್ಕೆ ಆರ್ಡರ್ ಬಿಡಬೇಕು. ಒಂದು ಮರದ ಪಟ್ಟಿಯಿಂದ ಎರಡು ಕಾಲು ಬರುವುದಾದರೆ ಅದೇ 5ನೇ ವಾರಕ್ಕೆ 65 ಪಟ್ಟಿ ಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುವುದು.

ಇದರಲ್ಲಿ ಯಾವ ಗಹನ ಗಣಿತವೂ ಇಲ್ಲ. ಆದರೆ ಹತ್ತು ಸಾವಿರ ಭಾಗಗಳಿಗೆ ಕೈಯಲ್ಲಿ ಮಾಡಿ ಮುಗಿಸುವಷ್ಟರಲ್ಲಿ ಆ ವಾರ ಕಳೆದಿರುತ್ತದೆ. ಪಂಚ್ ಕಾರ್ಡನ್ನು ಒಂದರ ಹಿಂದೊಂದು ಓದಿಸುವ ಕಾಲದಲ್ಲೂ ಅದು ಏಗಲಿಲ್ಲ. 1956ರಲ್ಲಿ ಐಬಿಎಂ ಡಿಸ್ಕ್ ಇರುವ ಕಂಪ್ಯೂಟರ್ ತಂದ ಮೇಲೆ ಬೇಕಾದ ಭಾಗದ ದಾಖಲೆಗೆ ನೇರವಾಗಿ ಹೋಗಿ ಓದಲು ಸಾಧ್ಯವಾಯಿತು. ಎಂಆರ್‌ಪಿಯ ನಿಜವಾದ ಜನಕ ಆ ಡಿಸ್ಕೇ ಎಂದರೂ ನಡೆಯುತ್ತದೆ.

ಲೆಕ್ಕ ಸರಿ ಇದ್ದರೂ ಎಂಆರ್‌ಪಿ ಬಹಳ ಕಡೆ ಮುಗ್ಗರಿಸಿತು. ಮೊದಲ ಕಾರಣ ದಾಖಲೆ. ಕಂಪ್ಯೂಟರ್ 30 ಇದೆ ಎನ್ನುತ್ತದೆ, ಬಿನ್‌ನಲ್ಲಿರುವುದು 18. ಹನ್ನೆರಡು ಕಾಲು ಬಿರುಕು ಬಿಟ್ಟು ಸ್ಕ್ರ್ಯಾಪ್ ಆಗಿದ್ದವು, ಯಾರೂ ಚೀಟಿ ಬರೆಯಲಿಲ್ಲ. ಅಥವಾ ಸರಕು ಮುಗಿದ ಮೇಲೆ ಭಾಗಗಳ ಪಟ್ಟಿ ನೋಡಿ ತಾನಾಗಿ ಸ್ಟಾಕ್ ಕಳೆಯುವ ವ್ಯವಸ್ಥೆ ಇತ್ತು, ಎಂಜಿನಿಯರ್ ವಿನ್ಯಾಸ ಬದಲಿಸಿದ್ದು ಪಟ್ಟಿಗೆ ಏರಲೇ ಇಲ್ಲ. ಸ್ಟಾಕ್ ದಾಖಲೆ ಶೇ 95, ಭಾಗಗಳ ಪಟ್ಟಿ ಶೇ 98ರಷ್ಟಾದರೂ ಸರಿ ಇರಬೇಕು ಎಂಬುದು ಆ ಕಾಲದಿಂದ ಬಂದ ರೂಢಿಯ ಅಳತೆ. ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಲ್ಲವನ್ನೂ ಎಣಿಸುವುದರಿಂದ ಇದು ದಕ್ಕುವುದಿಲ್ಲ. ದಿನಾ ಕೆಲವನ್ನು ಎಣಿಸಬೇಕು: ಎ ವಸ್ತು ತಿಂಗಳಿಗೊಮ್ಮೆ, ಬಿ ಮೂರು ತಿಂಗಳಿಗೊಮ್ಮೆ, ಸಿ ವರ್ಷಕ್ಕೆ ಒಂದೆರಡು ಸಲ. ವ್ಯತ್ಯಾಸ ಕಂಡಾಗ ಅಂಕಿ ತಿದ್ದಿ ಮುಂದೆ ಹೋಗಬಾರದು, ಯಾವ ಚೀಟಿ ತಪ್ಪಿತು ಎಂದು ಹುಡುಕಬೇಕು. ತಿದ್ದುವುದಷ್ಟೇ ಆದರೆ ಮುಂದಿನ ತಿಂಗಳೂ ಅದೇ ತಪ್ಪು.

ಎರಡನೆಯ ಕಾರಣ ಇನ್ನೂ ಆಳದ್ದು. ಎಂಆರ್‌ಪಿಗೆ ಲೀಡ್ ಟೈಮ್ ಎಂಬುದು ಕಲ್ಲಿನ ಮೇಲೆ ಕೆತ್ತಿದ ಅಂಕಿ; ಯಂತ್ರದ ಮುಂದೆ ಎಷ್ಟು ಉದ್ದ ಸಾಲಿದೆ ಎಂದು ಅದು ಕೇಳುವುದಿಲ್ಲ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಳಗಿರುವ ಅರ್ಧಂಬರ್ಧ ಕೆಲಸ ಅಂದರೆ ಹೊರಬರುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ದಿನಕ್ಕೆ 50 ಮುಗಿಸುವ ಶಾಪಿನಲ್ಲಿ 1,000 ಕೂತಿದ್ದರೆ ಹೊಸದಾಗಿ ಬಂದದ್ದು ಹೊರಬೀಳಲು 20 ದಿನ. ಈಗ ಆರ್ಡರ್ ತಡವಾಗುತ್ತಿದೆ ಎಂದು ಪ್ಲಾನರ್ ಕಂಪ್ಯೂಟರಿನಲ್ಲಿ ಲೀಡ್ ಟೈಮ್ ಅನ್ನು 20ರಿಂದ 30 ದಿನಕ್ಕೆ ಏರಿಸುತ್ತಾನೆ. ಕಂಪ್ಯೂಟರ್ ಮುಂದಿನ ಹತ್ತು ದಿನದ ಆರ್ಡರುಗಳನ್ನೂ ಈಗಲೇ ಬಿಡುತ್ತದೆ. ಶಾಪಿನಲ್ಲಿ 1,000 ಇದ್ದದ್ದು 1,500 ಆಗುತ್ತದೆ, ವೇಗ ಅದೇ 50. ಲೀಡ್ ಟೈಮ್ ನಿಜವಾಗಿಯೂ 30 ದಿನ! ‘ನಾನು ಹೇಳಲಿಲ್ಲವೇ’ ಎಂದುಕೊಂಡು ಪ್ಲಾನರ್ 40ಕ್ಕೆ ಏರಿಸುತ್ತಾನೆ.

ಅತ್ತ ಜಪಾನಿನಲ್ಲಿ ಕಥೆ ಬೇರೆ ದಾರಿ ಹಿಡಿದಿತ್ತು. 1950ರ ಹೊತ್ತಿಗೆ ಟೊಯೋಟಾ ದಿವಾಳಿಯ ಅಂಚಿಗೆ ಬಂದು, ಕೆಲಸಗಾರರನ್ನು ತೆಗೆದು, ಮುಷ್ಕರ ಎದುರಿಸಿ, ಅಧ್ಯಕ್ಷ ಕಿಯಿಚಿರೊ ಟೊಯೋಡಾ ರಾಜೀನಾಮೆ ಕೊಟ್ಟಿದ್ದ. ಮಾರಾಟವಾಗದ ಮಾಲು ಮಾಡಿಡಲು ಅವರ ಹತ್ತಿರ ದುಡ್ಡೇ ಇರಲಿಲ್ಲ. ಅಲ್ಲಿನ ಎಂಜಿನಿಯರ್ ತಯಿಚಿ ಓನೊ ಯಂತ್ರದ ಶಾಪಿನಲ್ಲಿ ಶುರುಮಾಡಿ ಹಂತಹಂತವಾಗಿ ಹರಡಿದ ಕಾನ್‌ಬಾನ್ ಕಾರ್ಡಿನ ತತ್ವ ಸೂಪರ್‌ಮಾರ್ಕೆಟ್ಟಿನದು: ಮುಂದಿನವರು ಕಪಾಟಿನಿಂದ ತೆಗೆದಷ್ಟನ್ನು ಮಾತ್ರ ಹಿಂದಿನವರು ಮಾಡಿ ತುಂಬಬೇಕು. ಎಷ್ಟು ಕಾರ್ಡು ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ. ಗಂಟೆಗೆ 60 ಬೇಕು, ತುಂಬಿ ಬರಲು 2 ಗಂಟೆ, ಶೇ 10 ಹೆಚ್ಚುವರಿ, ಒಂದು ಪೆಟ್ಟಿಗೆಗೆ 12 ಎಂದಾದರೆ 11 ಕಾರ್ಡು. ಕಾರ್ಡಿಲ್ಲದೆ ಯಾರೂ ಮಾಡುವಂತಿಲ್ಲ. ಹಾಗಾಗಿ 132ಕ್ಕಿಂತ ಒಂದೂ ಹೆಚ್ಚು ಕೂರುವುದಿಲ್ಲ. ಎಂಆರ್‌ಪಿಗೆ ಒಗ್ಗದ ಲಿಟಲ್‌ನ ಲೆಕ್ಕ ಇಲ್ಲಿ ಒಂದು ಕಾಗದದ ತುಂಡಿನಿಂದ ಒಗ್ಗಿತು.

ಆದರೆ ಸಣ್ಣ ಸಣ್ಣ ಬ್ಯಾಚ್ ಮಾಡಿದರೆ ಸೆಟಪ್ ಖರ್ಚು ಮುಗಿಲು ಮುಟ್ಟಬೇಕಲ್ಲ? ಹ್ಯಾರಿಸ್ ಹೇಳಿದ್ದು ಅದನ್ನೇ. ಜಪಾನಿನಲ್ಲಿ ಕೈಹಾಕಿದ್ದು ಸೆಟಪ್ ಖರ್ಚು 800 ಎಂಬ ಆ ಅಂಕಿಗೆ. ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ 1950ರಲ್ಲಿ ಹಿರೋಶಿಮಾದ ಟೊಯೊ ಕೊಗ್ಯೊ ಕಾರ್ಖಾನೆಯಲ್ಲಿ 800 ಟನ್ ಪ್ರೆಸ್ಸಿನ ಡೈ, ಅಂದರೆ ಅಚ್ಚು, ಬದಲಾಯಿಸುವುದನ್ನು ನೋಡುತ್ತಾ ನಿಂತಿದ್ದ. ಡೈ ಕೂರಿಸುವ ಒಂದು ಬೋಲ್ಟ್ ಸಿಗಲಿಲ್ಲ. ಕೆಲಸಗಾರ ಹುಡುಕಿ ಹುಡುಕಿ, ಕೊನೆಗೆ ಪಕ್ಕದ ಯಂತ್ರದ ಉದ್ದದ ಬೋಲ್ಟನ್ನು ತಂದು, ಕತ್ತರಿಸಿ, ತಿರುಪಿನ ಗೆರೆ ಕೊರೆದು ಹಾಕಿದ. ಅಷ್ಟು ಹೊತ್ತೂ ಪ್ರೆಸ್ ಸುಮ್ಮನೆ ನಿಂತಿತ್ತು. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದದ್ದು ಬೇರೆ ಎಂಬ ವಿಂಗಡಣೆ ಅಲ್ಲಿ ಹುಟ್ಟಿತು. ಬೋಲ್ಟು, ಸ್ಪ್ಯಾನರು, ಮುಂದಿನ ಡೈ ಎಲ್ಲವನ್ನೂ ಮೊದಲೇ ಪ್ರೆಸ್ಸಿನ ಪಕ್ಕ ಜೋಡಿಸಿಡುವುದು. ಡೈಗಳ ಎತ್ತರ ಒಂದೇ ಸಮ ಮಾಡಿ ಸರಿಹೊಂದಿಸುವ ಕೆಲಸವನ್ನೇ ಇಲ್ಲವಾಗಿಸುವುದು. ಹತ್ತಾರು ಸುತ್ತು ತಿರುಗಿಸುವ ಬೋಲ್ಟಿನ ಬದಲು ಒಂದೇ ತಿರುವಿಗೆ ಬಿಗಿಯುವ ಕ್ಲಾಂಪ್. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್ಸಿನ ಸೆಟಪ್ 4 ಗಂಟೆಯಿಂದ 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಯಿತು.

ಹ್ಯಾರಿಸ್‌ನ ಸೂತ್ರದಲ್ಲಿ ಇದನ್ನು ಇಟ್ಟು ನೋಡಿ. 800 ಇದ್ದ ಸೆಟಪ್ ಖರ್ಚು 8ಕ್ಕೆ ಇಳಿದರೆ ಬ್ಯಾಚ್ 2,000ದಿಂದ 200ಕ್ಕೆ, ವರ್ಷದ ಒಟ್ಟು ಖರ್ಚು 8,000ದಿಂದ 800ಕ್ಕೆ. ಸೂತ್ರ ಸುಳ್ಳಾಗಲಿಲ್ಲ. ಅದಕ್ಕೆ ತುಂಬುತ್ತಿದ್ದ ಅಂಕಿ ಐವತ್ತು ವರ್ಷ ಅಲುಗಾಡದೆ ಕೂತಿತ್ತು, ಅಷ್ಟೇ.

1980ರ ದಶಕದಲ್ಲಿ ಉಳಿದವರು ಇದನ್ನು ನಕಲು ಮಾಡಲು ಹೊರಟಾಗ ಕಾರ್ಡು ತಂದರು, ಸ್ಟಾಕ್ ಇಳಿಸಿದರು, ಡೈ ಬದಲಾವಣೆಗೆ ಕೈಹಾಕಲಿಲ್ಲ. ದಿನದ ಉತ್ಪಾದನೆಯನ್ನು ಸಮತಟ್ಟು ಮಾಡುವ ಗೋಜಿಗೂ ಹೋಗಲಿಲ್ಲ. ಬೇಡಿಕೆ ಒಂದು ದಿನ 20, ಮರುದಿನ 300 ಇರುವ ಕಡೆ ಕಾನ್‌ಬಾನ್ ನಡೆಯುವುದಿಲ್ಲ. ಆ 300ಕ್ಕೆ ಕಾರ್ಡು ಬಿಟ್ಟರೆ 20ರ ದಿನ ಮಾಲು ಕೊಳೆಯುತ್ತದೆ. ಹಲವು ಕಡೆ ಸ್ಟಾಕ್ ಮಾಯವಾಗಲಿಲ್ಲ, ಪೂರೈಕೆದಾರನ ಗೋದಾಮಿಗೆ ಸ್ಥಳಾಂತರವಾಯಿತು.

ಇಳಿಸಿದ ಸ್ಟಾಕಿಗೂ ಬೆಲೆ ಇದೆ ಎಂದು ಟೊಯೋಟಾಗೇ ತಿಳಿದದ್ದು 1997ರ ಫೆಬ್ರುವರಿ 1ರಂದು. ಬ್ರೇಕಿನ ಒತ್ತಡ ಹಂಚುವ ಪಿ-ವಾಲ್ವ್‌ಗಳನ್ನು ಬಹುತೇಕ ಒಬ್ಬಂಟಿಯಾಗಿ ಪೂರೈಸುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಕೈಯಲ್ಲಿದ್ದ ಸ್ಟಾಕ್ ಹೆಚ್ಚೆಂದರೆ ಎರಡು ಮೂರು ದಿನದ್ದು. ಜೋಡಣೆ ಲೈನುಗಳು ನಿಂತವು. ಹತ್ತಾರು ಬೇರೆ ಕಂಪನಿಗಳು ತಮ್ಮ ಯಂತ್ರಗಳಲ್ಲಿ ವಾಲ್ವ್ ಮಾಡಿಕೊಟ್ಟು ವಾರದೊಳಗೆ ಎಬ್ಬಿಸಿದರು, ಅದು ನಿಜ. ಅಂಥ ಬಳಗ ಇಲ್ಲದವರು ಆ ಸ್ಟಾಕಿನ ಅಂಕಿಯನ್ನು ಮಾತ್ರ ನಕಲು ಮಾಡಿದ್ದರು. 2011ರ ಭೂಕಂಪದ ನಂತರ ಟೊಯೋಟಾ ತನ್ನ ಪೂರೈಕೆದಾರರಿಗೆ ಎರಡರಿಂದ ಆರು ತಿಂಗಳಿನಷ್ಟು ಚಿಪ್ ಇಟ್ಟುಕೊಳ್ಳಲು ಹೇಳಿತು. ಬದಲಿ ಸಿಗದ, ಮಾಡಲು ತಿಂಗಳುಗಟ್ಟಲೆ ಹಿಡಿಯುವ ವಸ್ತುವಿಗೆ ‘ಬೇಕಾದಾಗ ಬೇಕಾದಷ್ಟು’ ಎನ್ನುವುದು ಹೊಂದುವುದಿಲ್ಲ ಎಂದು ಅವರೇ ಗೆರೆ ಎಳೆದರು.

ಕೊನೆಗೆ ಉಳಿದದ್ದು ಬೇಡಿಕೆ ಎಂಬ ಸಂಖ್ಯೆ. ಎಂಐಟಿಯ ಜೇ ಫಾರೆಸ್ಟರ್ 1958ರಲ್ಲೇ ತೋರಿಸಿದ್ದ: ಅಂಗಡಿಯಲ್ಲಿ ಬೇಡಿಕೆ ಸ್ವಲ್ಪ ಅಲುಗಿದರೆ, ವಿತರಕ, ಸಗಟು ವ್ಯಾಪಾರಿ, ಕಾರ್ಖಾನೆ ಎಂದು ಹಿಂದೆ ಹೋದಂತೆಲ್ಲ ಆರ್ಡರಿನ ಅಲೆ ದೊಡ್ಡದಾಗುತ್ತದೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು ಡೈಪರ್ ಆರ್ಡರುಗಳಲ್ಲಿ ಇದನ್ನು ಕಂಡರು. ಮಕ್ಕಳಂತೂ ವರ್ಷವಿಡೀ ಒಂದೇ ಸಮನೆ ಡೈಪರ್ ಬಳಸುತ್ತವೆ. 1997ರಲ್ಲಿ ಸಂಶೋಧಕ ಹಾವ್ ಲೀ ಮತ್ತು ಜೊತೆಗಾರರು ಈ ಅಲೆಗೆ ನಾಲ್ಕು ಕಾರಣ ಕೊಟ್ಟರು: ಪ್ರತಿಯೊಬ್ಬರೂ ಬಂದ ಆರ್ಡರನ್ನೇ ಬೇಡಿಕೆ ಎಂದು ಓದುವುದು, ಆರ್ಡರುಗಳನ್ನು ಕಟ್ಟುಕಟ್ಟಾಗಿ ಹಾಕುವುದು, ರಿಯಾಯಿತಿ ಬಂದಾಗ ತುಂಬಿಕೊಳ್ಳುವುದು, ಮತ್ತು ಕೊರತೆಯ ಕಾಲದಲ್ಲಿ ಹತ್ತು ಬೇಕಿದ್ದವರು ಇಪ್ಪತ್ತು ಕೇಳುವುದು. ಈ ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು; ಅದರಲ್ಲಿ ದಾಖಲೆ ಸರಿ ಇದ್ದರೂ ಸಂಖ್ಯೆ ಸುಳ್ಳಾಗಿರುತ್ತದೆ. 2001ರಲ್ಲಿ ನೆಟ್‌ವರ್ಕ್ ಉಪಕರಣ ಮಾರುವ ಸಿಸ್ಕೊ ಕಂಪನಿ ಸುಮಾರು 220 ಕೋಟಿ ಡಾಲರ್ ಬೆಲೆಯ ದಾಸ್ತಾನನ್ನು ಲೆಕ್ಕದಿಂದ ಕೈಬಿಟ್ಟದ್ದರ ಹಿಂದೆ ಇಂಥ ದುಪ್ಪಟ್ಟು ಆರ್ಡರುಗಳೂ ಇದ್ದವು.

2020ರ ವಸಂತದಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್ ರದ್ದು ಮಾಡಿದವು. ಚಿಪ್ ಕಾರ್ಖಾನೆಗಳ ಸಾಮರ್ಥ್ಯ ಲ್ಯಾಪ್‌ಟಾಪು, ಫೋನುಗಳ ಕಡೆ ಹೋಯಿತು. ಬೇಡಿಕೆ ಮರಳಿದಾಗ ಸಾಲಿನ ಕೊನೆಯಲ್ಲಿ ನಿಂತವರು ಬೇಕಾದ್ದಕ್ಕಿಂತ ಹೆಚ್ಚು ಕೇಳತೊಡಗಿದರು. ಸ್ಟಾಕ್ ಇಟ್ಟುಕೊಂಡಿದ್ದ ಟೊಯೋಟಾ ಉಳಿದವರಿಗಿಂತ ಹೆಚ್ಚು ದಿನ ತಡೆದರೂ 2021ರ ಸೆಪ್ಟೆಂಬರಿನಲ್ಲಿ ಅದೂ ಉತ್ಪಾದನೆಯನ್ನು ದೊಡ್ಡ ಪ್ರಮಾಣದಲ್ಲಿ ಕಡಿತ ಮಾಡಿತು. ಮರುವರ್ಷದ ಕೊನೆಯ ಹೊತ್ತಿಗೆ ಮೆಮೊರಿ ಚಿಪ್ ತಯಾರಕರು ಗೋದಾಮು ತುಂಬಿದ್ದಕ್ಕೆ ಉತ್ಪಾದನೆ ತಗ್ಗಿಸುತ್ತಿದ್ದರು, ಕಾರು ಕಂಪನಿಗಳು ಇನ್ನೂ ಕೆಲವು ಬಗೆಯ ಚಿಪ್‌ಗಾಗಿ ಕಾಯುತ್ತಿದ್ದವು.